ವ್ಯಾಗನ್‌ಆರ್ ಕ್ಲಚ್ಚಿಗೆ 4,000, 10,176, ಕೊನೆಗೆ 7,900: ಮಂಡ್ಯದ ಒಂದು ಬಿಲ್ಲಿನ ಪೂರ್ತಿ ಲೆಕ್ಕ

ವ್ಯಾಗನ್‌ಆರ್‌ಗೆ ಕ್ಲಚ್ ಹಾಕ್ಸೋಕೆ ಎಷ್ಟಾಗುತ್ತೆ ಅಂತ ನಮ್ಮ ಮಾವ ಮೂರು ಕಡೆ ಕೇಳಿದ್ರು. ಊರ ಹತ್ರದ ರೋಡ್ ಸೈಡ್ ಗ್ಯಾರೇಜಿನೋನು ನಾಲ್ಕು ಸಾವಿರ ಕೊಡಿ ಸಂಜೆಗೆ ಓಡಿಸ್ಕೊಂಡು ಹೋಗಿ ಅಂದ, ಕಂಪನಿ ಸರ್ವಿಸ್ ಸೆಂಟರ್‌ನವರು ಕಂಪ್ಯೂಟರ್‌ನಲ್ಲಿ ಎಸ್ಟಿಮೇಟ್ ತೆಗೆದು 10,176 ರೂಪಾಯಿ ಅಂತ ಪ್ರಿಂಟ್ ಕೊಟ್ರು, ಮಂಡ್ಯ ಗುತ್ತಲು ರಸ್ತೆ ಕಡೆ ಇರೋ ಒಬ್ಬ ಮೆಕ್ಯಾನಿಕ್ ಮಾತ್ರ ರೇಟೇ ಹೇಳ್ಲಿಲ್ಲ, "ಲೇಬರ್ 2,200, ಮಿಕ್ಕಿದ್ದು ಬಿಚ್ಚಿದ್ಮೇಲೆ ಹೇಳ್ತೀನಿ ಗೌಡ್ರೇ" ಅಂದ್ರು. ಮಾವನಿಗೆ ಈ ಮೂರನೇ ಉತ್ತರದ ಮೇಲೆ ಸಿಕ್ಕಾಪಟ್ಟೆ ಕೋಪ, ರೇಟ್ ಹೇಳ್ದೆ ಇರೋನು ಕೊನೆಗೆ ಎಷ್ಟು ಬೇಕಾದ್ರೂ ಕೀಳ್ತಾನೆ ಅಂತ. ಕೊನೆಗೆ ಕೆಲಸ ಆಗಿದ್ದು ಅಲ್ಲೇ, ಆಗಿದ್ದು 7,900. ಈ ಮೂರು ನಂಬರ್ ಯಾಕಿಷ್ಟು ಬೇರೆ ಬೇರೆ ಅನ್ನೋದನ್ನ ಬಿಲ್ ಮುಂದಿಟ್ಕೊಂಡು ಬರೀತಿದೀನಿ, ಕ್ಲಚ್ ರೇಟ್ ಕೇಳೋರು ತುಂಬಾ ಜನ ಇರ್ತಾರೆ, ಆದ್ರೆ ಆ ರೇಟಿನೊಳಗೆ ಏನೇನಿದೆ ಅಂತ ಕೇಳೋರು ಕಮ್ಮಿ.

ಕಾರು 2014ರ ಮಾಡೆಲ್, ಪೆಟ್ರೋಲ್, ಐದು ಗೇರಿನ ಮ್ಯಾನ್ಯುಯಲ್, ಮೀಟರ್‌ನಲ್ಲಿ 88 ಸಾವಿರ ಕಿಲೋಮೀಟರ್ ಚಿಲ್ರೆ. ಮಾವ ತಗೊಂಡಿದ್ದು ಸೆಕೆಂಡ್ ಹ್ಯಾಂಡು, ಹಾಗಾಗಿ ಕ್ಲಚ್ ಒರಿಜಿನಲ್ಲೋ ನಡುವೆ ಒಂದ್ಸಲ ಬದಲಾಗಿತ್ತೋ ಯಾರಿಗೂ ಗೊತ್ತಿಲ್ಲ. ಊರು ಮಳವಳ್ಳಿ ರಸ್ತೆ ಕಡೆ, ಗದ್ದೆ ಇರೋದು ನಾಲೆ ಆಚೆ, ದಿನಾ ನಾಲೆ ಏರಿ ಹತ್ತಿ ಇಳೀಬೇಕು, ಡಿಕ್ಕಿಯಲ್ಲಿ ಗೊಬ್ಬರದ ಮೂಟೆ, ಔಷಧಿ ಕ್ಯಾನು, ಪಂಪಿನ ಸಾಮಾನು ಏನಾದ್ರೂ ಒಂದು ಇದ್ದೇ ಇರುತ್ತೆ. ಕಾರನ್ನ ಕಾರ್ ಥರ ಅಲ್ಲ ಗೂಡ್ಸ್ ಆಟೋ ಥರ ಬಳಸ್ತಾರೆ. ಅದರ ಮೇಲೆ ದೀಪಾವಳಿ ಜಾತ್ರೆಗೆ ಮಾದಪ್ಪನ ಬೆಟ್ಟಕ್ಕೆ ಆರು ಜನ ತುಂಬ್ಕೊಂಡು ಹೋದ್ರು. ತಾಳಬೆಟ್ಟ ದಾಟಿ ಘಾಟಿ ಹತ್ತೋವಾಗ ಬಸ್ಸು, ಟೆಂಪೋ, ಕಾಲ್ನಡಿಗೆಯ ಜನ, ಎಲ್ಲಾ ಸೇರಿ ಗಾಡಿ ಇರುವೆ ಸಾಲಿನ ಹಾಗೆ ಹರೀತಿತ್ತು, ಏರಿನಲ್ಲಿ ನಿಲ್ಸೋದು ಬಿಡೋದು ನಿಲ್ಸೋದು ಬಿಡೋದು. ಅಲ್ಲೇ ಮೊದಲ ಸಲ ಸುಟ್ಟ ವಾಸನೆ ಬಂತಂತೆ. ಅತ್ತೆ ಯಾರೋ ಬ್ರೇಕ್ ಲೈನರ್ ಸುಟ್ಕೊಂಡಿರ್ಬೇಕು ಅಂದ್ಕೊಂಡ್ರಂತೆ, ಅವರದ್ದೇ ಕಾರು.

ಬೆಟ್ಟದಿಂದ ಬಂದ್ಮೇಲೆ ಶುರುವಾಯ್ತು. ನಾಲ್ಕನೇ ಗೇರಲ್ಲಿ ಆಕ್ಸಿಲರೇಟರ್ ಒತ್ತಿದ್ರೆ ಇಂಜಿನ್ ಸೌಂಡ್ ಏರುತ್ತೆ, ಸ್ಪೀಡ್ ಏರಲ್ಲ. ಕ್ಲಚ್ ಪೆಡಲ್ ಪೂರ್ತಿ ಮೇಲೆ ಬರೋವರೆಗೂ ಗಾಡಿ ಎಳೆಯಲ್ಲ. ಪೆಡಲ್ ಬೇರೆ ಕಲ್ಲಿನ ಹಾಗೆ ಗಟ್ಟಿ, ಮಾವನ ಎಡ ಮಂಡಿ ಮೊದಲೇ ಸರಿ ಇಲ್ಲ. ಮಗ ಹೇಳಿದ್ದು ಅಪ್ಪ ಯಾವಾಗ್ಲೂ ಕ್ಲಚ್ ಮೇಲೇ ಕಾಲು ಇಟ್ಕೊಂಡು ಓಡಿಸ್ತಾರೆ ಅದಕ್ಕೇ ಸುಟ್ಟೋಯ್ತು ಅಂತ, ಅಪ್ಪ ಹೇಳಿದ್ದು ಬೆಟ್ಟದಲ್ಲಿ ಓಡಿಸಿದ್ದು ನೀನು ಕಣ್ಲಾ ಅಂತ. ಈ ಕೇಸು ಇನ್ನೂ ಮನೆಯಲ್ಲಿ ತೀರ್ಮಾನ ಆಗಿಲ್ಲ.

ಗುತ್ತಲು ರಸ್ತೆ ಮೆಕ್ಯಾನಿಕ್ ಮೊದಲು ಮಾಡಿದ್ದು ಕಾಸೇ ಇಲ್ಲದ ಕೆಲಸ, ಪೆಡಲನ್ನ ಕೈಯಲ್ಲಿ ಒತ್ತಿ ನೋಡಿದ್ರು. ಕ್ಲಚ್ ಪೆಡಲ್ ಶುರುವಿನಲ್ಲಿ ಒಂದು ಬೆರಳಷ್ಟು ಸಡಿಲ ಇರ್ಬೇಕು, ಫ್ರೀ ಪ್ಲೇ ಅಂತಾರಲ್ಲ ಅದು, ಇದರಲ್ಲಿ ಒಂಚೂರೂ ಇರ್ಲಿಲ್ಲ. ಈ ಗಾಡಿಯಲ್ಲಿ ಕ್ಲಚ್ ಎಳೆಯೋದು ಕೇಬಲ್ಲು. ಇಂಜಿನ್ ಜೊತೆ ತಿರುಗೋ ಫ್ಲೈವೀಲ್ ಅನ್ನೋ ಚಕ್ರಕ್ಕೆ ಕ್ಲಚ್ ಪ್ಲೇಟನ್ನ ಒತ್ತಿ ಹಿಡಿಯೋದು ಪ್ರೆಶರ್ ಪ್ಲೇಟು, ಪೆಡಲ್ ಒತ್ತಿದಾಗ ಅದರ ಸ್ಪ್ರಿಂಗಿನ ಬೆರಳುಗಳನ್ನ ತಳ್ಳಿ ಹಿಡಿತ ಬಿಡಿಸೋದು ರಿಲೀಸ್ ಬೇರಿಂಗು. ಪ್ಲೇಟ್ ಸವೀತಾ ಸವೀತಾ ಪ್ರೆಶರ್ ಪ್ಲೇಟಿನ ಬೆರಳುಗಳು ರಿಲೀಸ್ ಬೇರಿಂಗ್ ಕಡೆಗೆ ಸರಿದು ಬರ್ತವೆ, ಆಗ ಈ ಸಡಿಲ ಕಮ್ಮಿ ಆಗುತ್ತೆ, ಸರ್ವಿಸ್ ಮಾಡೋರು ಅಡ್ಜಸ್ಟ್ ನಟ್ಟು ತಿರುಗಿಸಿ ಮತ್ತೆ ಸಡಿಲ ಕೊಡ್ಬೇಕು. ಯಾರೂ ಕೊಡ್ಲಿಲ್ಲ ಅಂದ್ರೆ ನೀವು ಕಾಲೇ ಇಡ್ದಿದ್ರೂ ಕ್ಲಚ್ ಅರ್ಧ ಒತ್ತಿದ ಹಾಗೇ ಇರುತ್ತೆ, ಪ್ಲೇಟ್ ಜಾರುತ್ತೆ, ಜಾರಿದ್ರೆ ಬಿಸಿ, ಬಿಸಿ ಆದ್ರೆ ಇನ್ನೂ ಸವೆತ. ಅವರು ಅಡ್ಜಸ್ಟ್ ಮಾಡಿ ಕಳಿಸಿದ್ರು, ದುಡ್ಡು ತಗೊಳ್ಲಿಲ್ಲ, "ಒಂದ್ ನಾಲ್ಕು ದಿನ ಓಡಿಸಿ ನೋಡಿ, ಇದರಲ್ಲೇ ಸರಿಹೋದ್ರೆ ನಿಮ್ಮ ಪುಣ್ಯ" ಅಂತ. ನನ್ನ ಪ್ರಕಾರ ಅವರನ್ನ ನಂಬೋಕೆ ಅದೊಂದೇ ಸಾಕಿತ್ತು, ಸರ್ವಿಸ್ ಸೆಂಟರ್‌ನಲ್ಲಾಗ್ಲಿ ಊರ ಗ್ಯಾರೇಜಲ್ಲಾಗ್ಲಿ ಕೇಬಲ್ ಮುಟ್ಟಿ ನೋಡ್ದೇನೇ ಕ್ಲಚ್ ಹೋಗಿದೆ ಅಂತ ಬರ್ಕೊಂಡಿದ್ರು.

ಸರಿಹೋಗ್ಲಿಲ್ಲ. ಮೊದಲು ಸ್ವಲ್ಪ ಚೆನ್ನಾಗಿತ್ತು, ಆಮೇಲೆ ಮತ್ತೆ ಅದೇ. ಎರಡನೇ ಸಲ ಹೋದಾಗ ಅವರು ಮಾಡಿದ ಟೆಸ್ಟ್ ಯಾರು ಬೇಕಾದ್ರೂ ಮಾಡ್ಬೋದು. ಸಮತಟ್ಟಾದ ಜಾಗ, ಮುಂದೆ ಯಾರೂ ಇರ್ಬಾರ್ದು, ಹ್ಯಾಂಡ್ ಬ್ರೇಕ್ ಗಟ್ಟಿಯಾಗಿ ಹಾಕಿ, ನಾಲ್ಕನೇ ಗೇರಿಗೆ ಹಾಕಿ, ನಿಧಾನವಾಗಿ ಕ್ಲಚ್ ಬಿಡ್ಬೇಕು. ಕ್ಲಚ್ ಚೆನ್ನಾಗಿದ್ರೆ ಇಂಜಿನ್ ತಕ್ಷಣ ಆಫ್ ಆಗುತ್ತೆ. ಇದು ಪೂರ್ತಿ ಬಿಟ್ರೂ ಓಡ್ತಾನೇ ಇತ್ತು. ಈ ಟೆಸ್ಟನ್ನ ಒಂದ್ಸಲ ಮಾಡಿ ನಿಲ್ಸಿ, ಮತ್ತೆ ಮತ್ತೆ ಮಾಡಿದ್ರೆ ಉಳಿದಿರೋ ಪ್ಲೇಟೂ ನೀವೇ ಸುಟ್ಟ ಹಾಗೆ. ಶಬ್ದದ ಬಗ್ಗೆನೂ ಕೇಳಿದ್ರು, ಪೆಡಲ್ ಒತ್ತಿದಾಗ ಕಿರ್ ಅನ್ನುತ್ತಾ ಬಿಟ್ಟಾಗ ಅನ್ನುತ್ತಾ ಅಂತ. ಒತ್ತಿದಾಗ ಬಂದ್ರೆ ರಿಲೀಸ್ ಬೇರಿಂಗ್, ಬಿಟ್ಟಾಗ ಬಂದು ಒತ್ತಿದ್ರೆ ನಿಲ್ಲುತ್ತೆ ಅಂದ್ರೆ ಗೇರ್ ಬಾಕ್ಸ್ ಒಳಗಿನ ಬೇರಿಂಗು, ಅದು ಬೇರೆ ದೊಡ್ಡ ಖರ್ಚು. ಇದರಲ್ಲಿ ಒತ್ತಿದಾಗ ಮಾತ್ರ ಸಣ್ಣಗೆ ಬರ್ತಿತ್ತು.

ಈಗ ಆ ಮೂರು ರೇಟಿಗೆ ಬರೋಣ.

ನಾಲ್ಕು ಸಾವಿರದೋನು ಏನು ಮಾಡ್ತೀನಿ ಅಂದಿದ್ದ? ಪ್ಲೇಟ್ ಮಾತ್ರ, ಅದೂ ಹೊಸದಲ್ಲ, ಹಳೇ ಪ್ಲೇಟಿಗೆ ಹೊಸ ಫೇಸಿಂಗ್, ಅಂದ್ರೆ ಉಜ್ಜಿ ಹಿಡಿಯೋ ಮೇಲ್ಪದರ, ರಿವೆಟ್ ಹೊಡೆದಿದ್ದು. ಪ್ರೆಶರ್ ಪ್ಲೇಟ್ ಇರೋದೇ ಸಾಕು, ಬೇರಿಂಗಿಗೆ ಗ್ರೀಸ್ ಹಾಕ್ತೀನಿ, ಗೇರ್ ಆಯಿಲ್ ಇಳಿಸಿದ್ದನ್ನೇ ಬಕೆಟ್‌ನಿಂದ ವಾಪಸ್ ಹಾಕ್ತೀನಿ. ಮಾವನಿಗೆ ಇದೇ ಸರಿ ಅನ್ನಿಸಿತ್ತು, ಟ್ರ್ಯಾಕ್ಟರ್ ಕ್ಲಚ್ ಪ್ಲೇಟಿಗೆ ಫೇಸಿಂಗ್ ಹಾಕ್ಸಿ ವರ್ಷಗಟ್ಲೆ ಓಡಿಸಿದೋರು ಅವರು, "ಅಷ್ಟು ದೊಡ್ಡ ಗಾಡಿಗೇ ಆಯ್ತದೆ ಇದಕ್ಕಾಗಲ್ವಾ" ಅಂತ ವಾದ. ಫೇಸಿಂಗ್ ಕೆಲಸ ಕೆಟ್ಟದ್ದು ಅಂತ ನಾನೂ ಹೇಳಲ್ಲ. ಆದ್ರೆ ಸುಟ್ಟಿರೋ ಕ್ಲಚ್ಚಿನಲ್ಲಿ ಪ್ರೆಶರ್ ಪ್ಲೇಟೂ ಅಷ್ಟೇ ಬಿಸಿ ತಿಂದಿರುತ್ತೆ, ಅದರ ಸ್ಪ್ರಿಂಗ್ ಹಿಡಿತ ಕಮ್ಮಿ ಆಗಿದ್ರೆ ಹೊಸ ಪ್ಲೇಟೂ ಜಾರುತ್ತೆ. ಬೇರಿಂಗ್ ಕೆಲವೇ ನೂರು ರೂಪಾಯಿ, ಅದು ಮೂರು ತಿಂಗಳಿಗೆ ಹೋದ್ರೆ ಅದೊಂದಕ್ಕೋಸ್ಕರ ಗೇರ್ ಬಾಕ್ಸ್ ಮತ್ತೆ ಪೂರ್ತಿ ಇಳಿಸ್ಬೇಕು.

ಸರ್ವಿಸ್ ಸೆಂಟರ್‌ನ 10,176 ಹೀಗಿತ್ತು: ಕ್ಲಚ್ ಸೆಟ್ಟು ಟ್ಯಾಕ್ಸ್ ಸೇರಿ 5,150, ಲೇಬರ್ 3,200, ಅದರ ಮೇಲೆ ಜಿಎಸ್‌ಟಿ 18 ಪರ್ಸೆಂಟ್ ಅಂದ್ರೆ 576, ಗೇರ್ ಆಯಿಲ್ ಗ್ರೀಸು ಕನ್ಸ್ಯೂಮಬಲ್ಸ್ ಅಂತ 1,250. ಇದರಲ್ಲಿ ಮೋಸ ಏನೂ ಇಲ್ಲ, ಬಿಲ್ ಪಕ್ಕಾ ಇರುತ್ತೆ, ಹಾಕಿದ ಸಾಮಾನಿಗೆ ವಾರಂಟಿ ಇರುತ್ತೆ. ಆದ್ರೆ ಎಸ್ಟಿಮೇಟ್ ಕೆಳಗೆ ಸಣ್ಣ ಅಕ್ಷರದಲ್ಲಿ ಬಿಚ್ಚಿದ ಮೇಲೆ ಸಿಗೋ ಹೆಚ್ಚಿನ ಕೆಲಸಕ್ಕೆ ಬೇರೆ ಚಾರ್ಜ್ ಅಂತ ಇತ್ತು, ಅಂದ್ರೆ ಅವರ ಉತ್ತರಾನೂ ಗುತ್ತಲು ರಸ್ತೆಯವರದ್ದೇ, ಪ್ರಿಂಟ್ ಹಾಕಿರೋದ್ರಿಂದ ಫೈನಲ್ ರೇಟ್ ಥರ ಕಾಣುತ್ತೆ ಅಷ್ಟೆ. ಮಾವ ಇನ್ಶೂರೆನ್ಸ್‌ನಲ್ಲಿ ಬರುತ್ತಾ ಅಂತಲೂ ಕೇಳಿದ್ರು. ಬರಲ್ಲ, ಕ್ಲಚ್ಚು ಸವೆಯೋ ಸಾಮಾನು, ಬ್ರೇಕ್ ಪ್ಯಾಡ್ ಟೈರ್ ಇದ್ದ ಹಾಗೆ.

ಸೆಟ್ಟನ್ನ ನಾನೇ ಮೈಸೂರಿಂದ ತಗೊಂಡು ಹೋದೆ. ಅಂಗಡಿಯಲ್ಲಿ ಕೇಳ್ಬೇಕಾದ್ದು ಎಷ್ಟು ಪೀಸಿನ ಸೆಟ್ಟು ಅಂತ. ಎರಡು ಪೀಸ್ ಅಂದ್ರೆ ಕ್ಲಚ್ ಪ್ಲೇಟು ಪ್ರೆಶರ್ ಪ್ಲೇಟು ಅಷ್ಟೇ, ಮೂರು ಪೀಸಿನದ್ರಲ್ಲಿ ಬೇರಿಂಗೂ ಇರುತ್ತೆ, ಕಮ್ಮಿ ರೇಟ್ ಅಂತ ಹೇಳೋದು ಎಷ್ಟೋ ಸಲ ಎರಡು ಪೀಸಿನದ್ದು. ವ್ಯಾಲಿಯೋ, ಲುಕ್, ಎಕ್ಸೆಡಿ ಥರದ ಕ್ಲಚ್ ಕಂಪನಿಗಳು ಕಾರ್ ಕಂಪನಿಗಳಿಗೂ ಸಪ್ಲೈ ಮಾಡ್ತವೆ, ತಮ್ಮದೇ ಡಬ್ಬಿಯಲ್ಲೂ ಮಾರ್ತವೆ, ಹಾಗಾಗಿ ಕಾರ್ ಕಂಪನಿ ಹೆಸರಿನ ಡಬ್ಬಿ ಇಲ್ಲ ಅಂದ ಮಾತ್ರಕ್ಕೆ ಡೂಪ್ಲಿಕೇಟ್ ಅಲ್ಲ. ಇನ್ನೊಂದು, 2025ರ ಸೆಪ್ಟೆಂಬರ್ 22ರಿಂದ ಕಾರಿನ ಬಿಡಿಭಾಗಗಳಿಗೆಲ್ಲ ಜಿಎಸ್‌ಟಿ 18 ಪರ್ಸೆಂಟ್ ಆಗಿದೆ, ಅದಕ್ಕೂ ಮೊದಲು ಕ್ಲಚ್ಚಿನ ಮೇಲೆ 28 ಇತ್ತು. ನಮ್ಮ ಸೆಟ್ಟಿನ ಮೂಲ ಬೆಲೆ 3,000, ಟ್ಯಾಕ್ಸ್ 540, ಒಟ್ಟು 3,540. ಹಳೇ ಲೆಕ್ಕ ಆಗಿದ್ರೆ 3,840. ಅಂಗಡಿಯಲ್ಲಿ ಹಳೇ ಎಂಆರ್‌ಪಿ ಡಬ್ಬಿ ತೋರಿಸಿದ್ರೆ ಬಿಲ್ ಹಾಕಿ ಅನ್ನಿ ಸಾಕು, ಬಿಲ್ಲಿನಲ್ಲಿ 28 ಹಾಕಂಗಿಲ್ಲ.

ಇನ್ನು ಬಿಚ್ಚೋ ಕೆಲಸ. ಲೇಬರ್ 2,200 ಜಾಸ್ತಿ ಅನ್ನೋರು ಒಂದ್ಸಲ ನಿಂತು ನೋಡ್ಬೇಕು. ಕ್ಲಚ್ ಇರೋದು ಇಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ, ಅಲ್ಲಿಗೆ ಕೈ ಹೋಗೋ ದಾರಿನೇ ಇಲ್ಲ. ಬ್ಯಾಟರಿ ತೆಗೀಬೇಕು, ಏರ್ ಫಿಲ್ಟರ್ ಡಬ್ಬ, ಗೇರ್ ಕೇಬಲ್, ಕ್ಲಚ್ ಕೇಬಲ್, ಸ್ಟಾರ್ಟರ್ ಮೋಟರ್, ವೈರಿನ ಸಾಕೆಟ್ಟುಗಳು. ಕೆಳಗಡೆ ಮುಂದಿನ ಎರಡೂ ಚಕ್ರ ಬಿಚ್ಚಿ, ಗೇರ್ ಆಯಿಲ್ ಇಳಿಸಿ, ಲೋವರ್ ಆರ್ಮ್ ಬಾಲ್ ಜಾಯಿಂಟ್ ಬಿಡಿಸಿ, ಎರಡೂ ಡ್ರೈವ್ ಶಾಫ್ಟ್ ಎಳೆದು, ಇಂಜಿನ್ ಕೆಳಗೆ ಮರದ ತುಂಡು ಕೊಟ್ಟು ಜಾಕ್ ಹಾಕಿ, ಗೇರ್ ಬಾಕ್ಸ್ ಮೌಂಟಿಂಗ್ ತೆಗೆದು, ಆಮೇಲೆ ಇಬ್ಬರು ಸೇರಿ ಗೇರ್ ಬಾಕ್ಸನ್ನ ಅಲುಗಾಡಿಸ್ತಾ ಇಂಜಿನ್ನಿಂದ ಪಕ್ಕಕ್ಕೆ ಎಳೀಬೇಕು. ಅಷ್ಟೆಲ್ಲಾ ಆದ್ಮೇಲೆ ಕ್ಲಚ್ ಸೆಟ್ ಬರೋದು ಆರು ಬೋಲ್ಟು ಬಿಚ್ಚಿದ್ರೆ. ಅಂದ್ರೆ ನೀವು ಕೊಡೋ ಲೇಬರ್‌ನಲ್ಲಿ ಕ್ಲಚ್ ಬದಲಾಯಿಸೋಕೆ ಕೊಡೋದು ಚೂರು, ಮಿಕ್ಕಿದ್ದೆಲ್ಲಾ ಅಲ್ಲಿಗೆ ಹೋಗಿ ಬರೋದಕ್ಕೆ. ಈ ಪ್ರಕರಣದ ಲೆಕ್ಕ ಪೂರ್ತಿ ನಿಂತಿರೋದು ಇದರ ಮೇಲೆ.

ಪ್ಲೇಟ್ ಹೊರಗೆ ಬಂತು. ರಿವೆಟ್ ತಲೆ ಮಟ್ಟಕ್ಕೆ ಸವೆದಿತ್ತು, ಮೇಲ್ಮೈ ಗಾಜಿನ ಹಾಗೆ ಹೊಳೀತಿತ್ತು, ಇದೆಲ್ಲಾ ನಿರೀಕ್ಷೆ ಇದ್ದಿದ್ದೇ. ಆದ್ರೆ ಫ್ಲೈವೀಲ್ ಕಡೆ ಮುಖದಲ್ಲಿ ಮಾತ್ರ ಕಪ್ಪು ಜಿಡ್ಡು. ಮೆಕ್ಯಾನಿಕ್ ಬೆರಳಲ್ಲಿ ಒರೆಸಿ ಮೂಸಿ ನೋಡಿ "ಇದು ಇಂಜಿನ್ ಆಯಿಲ್ಲು, ಗೇರ್ ಆಯಿಲ್ ಅಲ್ಲ" ಅಂದ್ರು. ಗೇರ್ ಆಯಿಲ್‌ಗೆ ಗಂಧಕದ ಥರ ಒಂದು ನಾತ ಇರುತ್ತೆ, ಒಂದ್ಸಲ ಮೂಸಿದ್ರೆ ಮರೆಯಲ್ಲ. ಗೇರ್ ಆಯಿಲ್ ಆಗಿದ್ರೆ ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟ್ ಸೀಲ್ ಹೋಗಿದೆ ಅಂತ, ಇಂಜಿನ್ ಆಯಿಲ್ ಆದ್ರೆ ಕ್ರ್ಯಾಂಕ್, ಅಂದ್ರೆ ಇಂಜಿನ್ನಿನ ಮುಖ್ಯ ಶಾಫ್ಟ್, ಅದರ ಹಿಂದೆ ಆಯಿಲ್ ಹೊರಗೆ ಬರ್ದಂಗೆ ತಡೆಯೋ ರಬ್ಬರ್ ಸೀಲು. ಫ್ಲೈವೀಲ್ ಬಿಚ್ಚಿದ್ರೆ ಸರಿಯಾಗಿ ಅದೇ, ಸೀಲಿನ ಕೆಳಗಡೆ ಒದ್ದೆ, ರಬ್ಬರ್ ತುಟಿ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಆ ಸೀಲಿನ ರೇಟು 380 ರೂಪಾಯಿ.

ಇಲ್ಲಿ ನಿಂತು ಯೋಚನೆ ಮಾಡಿ. ನಾಲ್ಕು ಸಾವಿರದ ಕೆಲಸದಲ್ಲಿ ಫ್ಲೈವೀಲ್ ಬಿಚ್ಚೋದೇ ಇಲ್ಲ, ಜಿಡ್ಡು ಬಟ್ಟೆಯಲ್ಲಿ ಒರೆಸಿ ಹೊಸ ಫೇಸಿಂಗ್ ಪ್ಲೇಟ್ ಕೂರಿಸ್ತಿದ್ರು. ಕಾರು ಸಂಜೆಗೆ ಜಮ್ ಅಂತ ಓಡ್ತಿತ್ತು. ಆಯಿಲ್ ಮಾತ್ರ ಸೋರ್ತಾನೇ ಇರೋದು, ಕ್ಲಚ್ ಪ್ಲೇಟಿನ ಫೇಸಿಂಗ್ ಒಂದ್ಸಲ ಆಯಿಲ್ ಕುಡಿದ್ರೆ ತೊಳೆದ್ರೂ ಸರಿಹೋಗಲ್ಲ, ಮತ್ತೆ ಜಾರೋಕೆ ಶುರು. ಆಗ ಮತ್ತೆ ಪ್ಲೇಟು, ಮತ್ತೆ ಗೇರ್ ಬಾಕ್ಸ್ ಇಳಿಸೋ ಲೇಬರು, ಈ ಸಲ ಸೀಲೂ ಸೇರಿ. ನಾಲ್ಕು ಸಾವಿರ ಎರಡು ಸಲ ಕೊಟ್ರೇ ಎಂಟು ಸಾವಿರ, ಅದೂ ಹಳೇ ಪ್ರೆಶರ್ ಪ್ಲೇಟು ಹಳೇ ಬೇರಿಂಗ್ ಇಟ್ಕೊಂಡು.

ಫ್ಲೈವೀಲ್ ವಿಚಾರದಲ್ಲಿ ಸ್ವಲ್ಪ ಚರ್ಚೆ ಆಯ್ತು. ಅಲ್ಲಲ್ಲಿ ನೀಲಿ ಕಲೆ ಇತ್ತು, ಬಿಸಿಯಾಗಿದ್ದಕ್ಕೆ. ಪಕ್ಕದಲ್ಲಿ ನಿಂತಿದ್ದ ಯಾರೋ ಲೇತಿಗೆ ಕೊಟ್ಟು ಮೇಲ್ಮೈ ಕೆತ್ತಿಸಿ ಮಟ್ಟ ಮಾಡಿಸಿ ಅಂದ್ರು, ಗ್ಯಾರೇಜ್ ಮುಂದೆ ಸಲಹೆ ಕೊಡೋರಿಗೆ ಬರ ಇಲ್ವಲ್ಲ. ಮೆಕ್ಯಾನಿಕ್ ಉಗುರು ಆಡಿಸಿ ತೋರಿಸಿದ್ರು, ಉಗುರಿಗೆ ಸಿಕ್ಕೋ ಅಂಥ ಗೀರು ಇಲ್ಲ, ಬಿರುಕಿಲ್ಲ, ಅಂಚಲ್ಲಿ ಮೆಟ್ಟಿಲು ಬಿದ್ದಿಲ್ಲ, ಸುಮ್ನೆ ಲೋಹ ತೆಗೆಸೋದು ಬೇಡ ಅಂತ ಎಮರಿ ಪೇಪರ್ ಉಜ್ಜಿ ಕ್ಲೀನರ್ ಹೊಡೆದು ಹಾಕಿದ್ರು. ಲೇತ್ ಕೆಲಸ ಹಿಡಿಸಿದ್ರೆ ಅವರಿಗೇ ನಾಲ್ಕು ಕಾಸು ಜಾಸ್ತಿ ಸಿಗ್ತಿತ್ತು.

ಕೊನೇ ಬಿಲ್ಲು, ಅದೂ ಒಂದು ರಟ್ಟಿನ ಹಿಂದೆ ಬರೆದಿದ್ದು: ಕ್ಲಚ್ ಸೆಟ್ 3,540, ಕ್ರ್ಯಾಂಕ್ ಸೀಲ್ 380, ಡ್ರೈವ್ ಶಾಫ್ಟ್ ಸೀಲ್ ಎರಡೂ ಕಡೆದು 260, ಹೊಸ ಕ್ಲಚ್ ಕೇಬಲ್ 420, ಗೇರ್ ಆಯಿಲ್ 950, ಗ್ರೀಸು ಕ್ಲೀನರ್ 150, ಲೇಬರ್ 2,200. ಕೂಡಿದ್ರೆ 7,900. ಸೀಲ್ ಹಾಕಿದ್ದಕ್ಕೆ ಬೇರೆ ಲೇಬರ್ ಇಲ್ಲ. ಡ್ರೈವ್ ಶಾಫ್ಟ್ ಸೀಲು ಸೋರ್ತಿರ್ಲಿಲ್ಲ, ಆದ್ರೆ ಶಾಫ್ಟ್ ಹೊರಗೆ ಬಂದಿರೋವಾಗ 260ಕ್ಕೆ ಹೊಸದು ಹಾಕೋದೇ ವಾಸಿ. ಕೇಬಲ್ಲೂ ಅಷ್ಟೆ, ಪೆಡಲ್ ಗಟ್ಟಿ ಇದ್ದಿದ್ದರಲ್ಲಿ ಅರ್ಧ ಪಾಲು ಒಳಗೆ ಒಣಗಿ ತುಕ್ಕು ಹಿಡಿದಿದ್ದ ಆ ಕೇಬಲ್ಲಿಂದು, ಈಗ ಮಾವನ ಮಂಡಿಗೆ ಎಷ್ಟೋ ಆರಾಮ್. ಇದೇ ಸೀಲು ಕೇಬಲ್ಲೆಲ್ಲಾ ಸರ್ವಿಸ್ ಸೆಂಟರ್ ಬಿಲ್ಲಿಗೆ ಸೇರಿಸಿದ್ರೆ ಹನ್ನೊಂದು ಸಾವಿರ ದಾಟುತ್ತೆ, ಅಂದ್ರೆ ನಿಜವಾದ ವ್ಯತ್ಯಾಸ ಮೂರು ಸಾವಿರದ ಮೇಲೆ. ಆ ಮೂರು ಸಾವಿರಕ್ಕೆ ನಿಮಗೆ ಪಕ್ಕಾ ಬಿಲ್ಲು, ವಾರಂಟಿ ಸಿಗುತ್ತೆ, ಗೊತ್ತಿರೋ ಮೆಕ್ಯಾನಿಕ್ ಇಲ್ಲದೋರು ಅಲ್ಲಿಗೇ ಹೋದ್ರೂ ನಾನು ತಪ್ಪು ಅನ್ನಲ್ಲ. ನಾಲ್ಕು ಸಾವಿರದ ಕಡೆ ಮಾತ್ರ ಹೋಗ್ಬೇಡಿ.

ರೇಟ್ ಕೇಳೋವಾಗ ಪ್ಲೇಟ್ ಎಷ್ಟು ಅಂತ ಶುರು ಮಾಡ್ಬೇಡಿ, ಗೇರ್ ಬಾಕ್ಸ್ ಇಳಿಸಿದಾಗ ಏನೇನು ನೋಡ್ತೀರ, ಸೀಲ್ ಸೋರ್ತಿದ್ರೆ ಅದಕ್ಕೆ ಲೇಬರ್ ಬೇರೆನಾ, ಗೇರ್ ಆಯಿಲ್ ಹೊಸದಾ, ಹಳೇ ಸಾಮಾನು ಕೈಗೆ ಕೊಡ್ತೀರಾ, ಇಷ್ಟು ಕೇಳಿ. ಹಳೇ ಪ್ಲೇಟ್ ಕೈಯಲ್ಲಿ ಹಿಡಿದು ನೋಡಿದ್ರೆ ನಿಜವಾಗ್ಲೂ ಸವೆದಿತ್ತಾ ಇಲ್ವಾ ಅಂತ ಯಾರೂ ಹೇಳ್ಕೊಡೋದೇ ಬೇಡ. ಮತ್ತೆ ಈ 7,900ನ್ನ ಎಲ್ಲಾ ಗಾಡಿಗೂ ಹಿಡ್ಕೋಬೇಡಿ, ಕೆಲವು ಡೀಸೆಲ್ ಗಾಡಿಗಳಲ್ಲಿ ಡ್ಯುಯಲ್ ಮಾಸ್ ಅಂತ ಒಳಗೆ ಸ್ಪ್ರಿಂಗ್ ಇರೋ ಎರಡು ಭಾಗದ ಫ್ಲೈವೀಲ್ ಇರುತ್ತೆ, ಅದೂ ಹೋಗಿದ್ರೆ ಖರ್ಚು ಇದರ ಹಲವು ಪಟ್ಟು. ಗೇರ್ ತಾನೇ ಬದಲಾಗೋ ಎಎಂಟಿ ಗಾಡಿಯೋರು ನಮಗೆ ಕ್ಲಚ್ಚೇ ಇಲ್ಲ ಅಂದ್ಕೊಂಡಿರ್ತಾರೆ, ಇಲ್ಲದಿರೋದು ಪೆಡಲ್ಲು ಮಾತ್ರ, ಒಳಗೆ ಇದೇ ಪ್ಲೇಟಿದೆ, ಬದಲಾಯಿಸಿದ ಮೇಲೆ ಸ್ಕ್ಯಾನರ್ ಹಾಕಿ ಹೊಸ ಕ್ಲಚ್ಚನ್ನ ಕಲಿಸ್ಬೇಕು, ಸ್ಕ್ಯಾನರ್ ಇಲ್ಲದ ಗ್ಯಾರೇಜಿಗೆ ಅದನ್ನ ಕೊಡಕ್ಕಾಗಲ್ಲ.

ಅಪ್ಪ ಮಗನ ಕೇಸಿಗೆ ನನ್ನ ತೀರ್ಪು ಕೇಳಿದ್ರೆ, ಬೆಟ್ಟದಲ್ಲಿ ಏರಿನ ಮೇಲೆ ಹ್ಯಾಂಡ್ ಬ್ರೇಕ್ ಹಾಕ್ದೆ ಅರ್ಧ ಕ್ಲಚ್ಚಲ್ಲೇ ಗಾಡಿ ಹಿಡಿದು ನಿಲ್ಲಿಸಿದ್ದು ಮಗನ ಪಾಲು, ದಿನಾ ನಾಲೆ ಏರಿಯಲ್ಲಿ ಅದನ್ನೇ ಮಾಡಿದ್ದು ಅಪ್ಪನ ಪಾಲು, ಆದ್ರೆ ಇಬ್ಬರಿಗಿಂತ ದೊಡ್ಡ ಪಾಲು ಸಡಿಲ ಇಲ್ಲದ ಕೇಬಲ್ಲಿಂದು ಮತ್ತೆ ಸೋರೋ ಸೀಲಿಂದು. ಇಬ್ಬರೂ ಒಪ್ಪಿಲ್ಲ.

ಹೊಸ ಪ್ಲೇಟ್ ಕೂತ್ಕೊಳ್ಳೋವರೆಗೂ ಲೋಡ್ ಹಾಕ್ಬೇಡಿ ಮೆತ್ತಗೆ ಓಡಿಸಿ ಅಂದಿದ್ರು, ಆಮೇಲೆ ಒಂದ್ಸಲ ಬಂದು ಕೇಬಲ್ ಚೆಕ್ ಮಾಡಿಸ್ಕೊಂಡು ಹೋಗಿ ಅಂತ. ಮಾವ ಹೋಗಿದ್ರು, ಒಂಚೂರು ಅಡ್ಜಸ್ಟ್ ಮಾಡಿ ಕೊಟ್ರಂತೆ, ದುಡ್ಡಿಲ್ಲ. ಬಿಚ್ಚಿದಾಗಲೇ ಮೆಕ್ಯಾನಿಕ್ ಎಡಗಡೆ ಲೋವರ್ ಆರ್ಮ್ ಬುಷ್ ಹರಿದಿದೆ ಅಂತ ತೋರಿಸಿದ್ರು, ಮಾವ ಆಗ ಬೇಡ ಅಂದಿದ್ರು, ಈಗ ಮತ್ತೆ ಅದನ್ನೇ ನೆನಪಿಸಿದ್ರಂತೆ. "ಫ್ಯಾಕ್ಟ್ರಿಯಿಂದ ಕಬ್ಬಿನ ದುಡ್ಡು ಬರ್ಲಿ ಬುಡಪ್ಪ, ಆಮೇಲ್ ನೋಡನ" ಅಂತ ಹೇಳಿ ಬಂದವ್ರೆ.